ಗುರುತಿನ ಹೆಸರು, ಗೇಲಿಯ ಹೆಸರು

ಹದೀಸ್ ಗ್ರಂಥಗಳನ್ನು ಓದುವವರಿಗೆ ಎರಡು ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ: ಅಅ್‌ರಜ್ ಮತ್ತು ಅಅ್‌ಮಶ್. ಅಅ್‌ರಜ್ ಎಂದರೆ ಕುಂಟ. ಅಅ್‌ಮಶ್ ಎಂದರೆ ದೃಷ್ಟಿ ಮಂದವಾಗಿ ಕಣ್ಣಲ್ಲಿ ನೀರು ಸುರಿಯುವವ. ಹಝ್ರತ್ ಅಬೂ ಹುರೈರಾ(ರ)ರ ಶಿಷ್ಯ ಅಬ್ದುರ್ರಹ್ಮಾನ್ ಇಬ್ನ್ ಹುರ್ಮುಝ್ ಮತ್ತು ಕೂಫಾದ ವಿದ್ವಾಂಸ ಸುಲೈಮಾನ್ ಇಬ್ನ್ ಮಿಹ್ರಾನ್ ಅವರ ಅಡ್ಡಹೆಸರುಗಳಿವು. ಹಾಗಾದರೆ ನಾವೂ ಜನರನ್ನು ಹಾಗೆ ಕರೆಯಬಹುದೇ?

ಈ ಪ್ರಶ್ನೆಯನ್ನು ನಮ್ಮ ಹಿರಿಯ ವಿದ್ವಾಂಸರೂ ಚರ್ಚಿಸಿದ್ದಾರೆ. ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡುವುದನ್ನೂ ಕೆಟ್ಟ ಅಡ್ಡಹೆಸರುಗಳಿಂದ ಕರೆಯುವುದನ್ನೂ ಪವಿತ್ರ ಕುರ್‌ಆನ್ ಹುಜುರಾತ್ ಅಧ್ಯಾಯದ 11ನೇ ಸೂಕ್ತದಲ್ಲಿ ನಿಷೇಧಿಸಿದೆ. ಕ್ರಿ.ಶ. 1277ರಲ್ಲಿ ನಿಧನರಾದ ಸಿರಿಯಾದ ಇಮಾಮ್ ನವವಿ(ರಹ) 'ರಿಯಾದುಸ್ಸಾಲಿಹೀನ್'ನಲ್ಲಿ ಪರನಿಂದೆಯ ಕುರಿತು ಬರೆಯುವಾಗ ಇದನ್ನು ಬಿಡಿಸಿ ಹೇಳಿದರು. ಒಬ್ಬ ವ್ಯಕ್ತಿ ಆ ಹೆಸರಿನಿಂದಲೇ ಪ್ರಸಿದ್ಧನಾಗಿದ್ದರೆ ಗುರುತಿಗಾಗಿ ಮಾತ್ರ ಹೇಳಬಹುದು. ಹೀಯಾಳಿಸಲು ಹೇಳುವುದು ನಿಷಿದ್ಧ. ಬೇರೆ ರೀತಿಯಲ್ಲಿ ಗುರುತು ಹೇಳಲು ಸಾಧ್ಯವಿದ್ದರೆ ಅದೇ ಉತ್ತಮ.

ಪ್ರವಾದಿವರ್ಯರ(ಸ) ಕಾಲದ ಮದೀನಾದಲ್ಲಿ ಇದರ ಮಾದರಿ ಸಿಗುತ್ತದೆ. ಮಕ್ಕಾದಲ್ಲಿ ಪ್ರವಾದಿ(ಸ) ಕುರೈಷ್ ಮುಖಂಡರೊಂದಿಗೆ ಮಾತನಾಡುತ್ತಿದ್ದಾಗ ಕಲಿಯಲೆಂದು ಬಂದ ಅಂಧ ಸಹಾಬಿಯ ಪರವಾಗಿ 'ಅಬಸ' ಅಧ್ಯಾಯದ ಆರಂಭದ ಸೂಕ್ತಗಳು ಅವತೀರ್ಣವಾದವು. ಅದೇ ಸಹಾಬಿ ಹಿಜ್ರತ್‌ನ ಮೊದಲ ತಂಡದಲ್ಲಿ ಮದೀನಾಕ್ಕೆ ಬಂದು ಜನರಿಗೆ ಕುರ್‌ಆನ್ ಕಲಿಸಿದರು. ಪ್ರವಾದಿ(ಸ) ಊರಲ್ಲಿಲ್ಲದಾಗ ಹಲವು ಬಾರಿ ಮದೀನಾದ ಹೊಣೆ ಹೊತ್ತರು. ರಮಝಾನ್‌ನಲ್ಲಿ ಬಿಲಾಲ್(ರ)ರ ಅಝಾನ್ ರಾತ್ರಿ ಇರುವಾಗಲೇ ಆಗುತ್ತಿತ್ತು. ಇವರ ಅಝಾನ್ ಕೇಳುವವರೆಗೆ ಉಣ್ಣಿರಿ, ಕುಡಿಯಿರಿ ಎಂದು ಪ್ರವಾದಿ(ಸ) ತಿಳಿಸಿದಾಗ ಅವರನ್ನು ಕರೆದದ್ದು ಇಬ್ನ್ ಉಮ್ಮಿ ಮಕ್ತೂಮ್ ಎಂದು. ಕಣ್ಣಿನ ಮಾತು ಅಲ್ಲಿ ಬರಲಿಲ್ಲ, ಹೆಸರೇ ಸಾಕಾಗಿತ್ತು.

ನಮ್ಮ ಮೊಹಲ್ಲಾಗಳಲ್ಲಿ ಏನಾಗುತ್ತಿದೆ? ಅಖೀಖಾದ ದಿನ ಪ್ರೀತಿಯಿಂದ ಇಟ್ಟ ಹೆಸರು ಮರೆತುಹೋಗಿ 'ಕುಂಟ', 'ಮೂಗಿ', 'ಅರೆಹುಚ್ಚ' ಎಂಬುದೇ ಮಗುವಿಗೆ ಉಳಿದುಬಿಡುತ್ತದೆ. ಮದುವೆಯ ಮಾತುಕತೆಯಲ್ಲಿ ಅಕ್ಕನಿಗೂ 'ಕುಂಟನ ಅಕ್ಕ' ಎಂಬ ಗುರುತು ಅಂಟುತ್ತದೆ. ಹೇಳುವವರಿಗೆ ಅದು ರೂಢಿ, ಕೇಳುವ ತಾಯಿಗೆ ಪ್ರತಿದಿನದ ನೋವು. ವಿಕಲಚೇತನರನ್ನು ಸಾರ್ವಜನಿಕವಾಗಿ ಅವಮಾನಿಸಬೇಕೆಂದೇ ನಿಂದಿಸುವುದು ನಮ್ಮ ದೇಶದ 2016ರ ಕಾಯ್ದೆಯಡಿ ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಜೈಲುಶಿಕ್ಷೆಗೆ ಅರ್ಹವಾದ ಅಪರಾಧ. ಆದರೆ ಕಾನೂನು ನಮ್ಮ ಅಡುಗೆಮನೆಯ ಮಾತನ್ನು ಕೇಳಿಸಿಕೊಳ್ಳದು, ಅಲ್ಲಾಹನು ಕೇಳುತ್ತಾನೆ.

ಹೆಸರು ಗೊತ್ತಿದ್ದರೆ ಹೆಸರು ಹಿಡಿದೇ ಕರೆಯೋಣ. ವೈಕಲ್ಯದ ವಿಷಯ ಹೇಳಲೇಬೇಕಾದಾಗ 'ಕಣ್ಣು ಕಾಣದವರು', 'ಕಿವಿ ಕೇಳದವರು' ಎಂದು ಗೌರವದಿಂದ ಹೇಳೋಣ. ಮಕ್ಕಳು ಈ ಮಾತನ್ನು ಕಲಿಯುವುದು ನಮ್ಮ ಬಾಯಿಂದಲೇ.