ಗೈಡು ಓದದ ಅಧ್ಯಾಯ

ನಾನು ಪಿಎಚ್.ಡಿ. ಮಾಡುವಾಗ ನನ್ನ ಗೈಡು ಕೆಟ್ಟವರೇನಾಗಿರಲಿಲ್ಲ. ಬೈದವರಲ್ಲ, ಮನೆಗೆಲಸ ಹೇಳಿದವರಲ್ಲ. ಅಧ್ಯಾಯ ತಗೊಂಡು ಹೋಗಿ ಕೊಟ್ಟರೆ ಎರಡು ಪುಟ ತಿರುವಿ, 'ಆಯ್ತು ಬಿಡಪ್ಪ, ನಿಮಗೆ ಇಷ್ಟು ಸಾಕು' ಅನ್ನೋರು. ಆ 'ನಿಮಗೆ' ಇಡೀ ಕೇರಿಗೆ ಹೇಳಿದ್ದು ಅಂತ ತಿಳಿಯೋಕೆ ವರ್ಷಗಳೇ ಬೇಕಾದವು. ಹೆಬ್ಬೆರಳು ಕೇಳಿದ ದ್ರೋಣನ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ. ಓದದೆ ಸಹಿ ಹಾಕುವ ದ್ರೋಣರ ಬಗ್ಗೆ ಬರೆದದ್ದು ಕಡಿಮೆ.

ಬಾಬಾಸಾಹೇಬರ ವಿದ್ಯಾರ್ಥಿ ದೆಸೆಯನ್ನು ಈ ಕಣ್ಣಿನಿಂದ ಒಮ್ಮೆ ನೋಡಬೇಕು. 1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನ ಹಿಡಿದು ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋದಾಗ ಅವರಿಗೆ ಇಪ್ಪತ್ತೆರಡು ವರ್ಷ. ಅಲ್ಲಿ ಅರ್ಥಶಾಸ್ತ್ರಕ್ಕೆ ಸೆಲಿಗ್‌ಮನ್, ತತ್ವಶಾಸ್ತ್ರಕ್ಕೆ ಜಾನ್ ಡ್ಯೂಯಿ. 1916ರ ಮೇ 9ರಂದು ಮಾನವಶಾಸ್ತ್ರದ ಪ್ರಾಧ್ಯಾಪಕ ಗೋಲ್ಡನ್‌ವೈಸರ್ ನಡೆಸುತ್ತಿದ್ದ ಸೆಮಿನಾರಿನಲ್ಲಿ ಅವರು ಭಾರತದ ಜಾತಿಗಳ ಹುಟ್ಟಿನ ಬಗ್ಗೆ ಪ್ರಬಂಧ ಮಂಡಿಸಿದರು. ಊರಿನ ಶಾಲೆಯಲ್ಲಿ ಗೋಣಿಚೀಲದ ಮೇಲೆ ದೂರ ಕೂತಿದ್ದ ಹುಡುಗ ಇಲ್ಲಿ ಎಲ್ಲರ ಜೊತೆ ಕೂತು ಜಾತಿಯನ್ನೇ ಬಿಡಿಸಿ ನೋಡಿದ. ಸೆಲಿಗ್‌ಮನ್ ಲಂಡನ್ನಿನ ಪ್ರಾಧ್ಯಾಪಕರಿಗೆ ಪರಿಚಯಪತ್ರ ಬರೆದುಕೊಟ್ಟರು. 1925ರಲ್ಲಿ ಪ್ರಾಂತೀಯ ಹಣಕಾಸಿನ ಬಗೆಗಿನ ಪುಸ್ತಕಕ್ಕೆ ಮುನ್ನುಡಿ ಬರೆದವರೂ ಅವರೇ.

ನನ್ನನ್ನು ಹೆಚ್ಚು ಕಾಡಿದವರು ಲಂಡನ್ನಿನ ಎಡ್ವಿನ್ ಕ್ಯಾನನ್. ರೂಪಾಯಿಯ ಸಮಸ್ಯೆ ಕುರಿತ ಡಿ.ಎಸ್ಸಿ. ಪ್ರಬಂಧ ಮೊದಲ ಸಲಕ್ಕೆ ಪಾಸಾಗಲಿಲ್ಲ. ತಿದ್ದಿ ಮತ್ತೆ ಕಳಿಸಿ, 1923ರಲ್ಲಿ ಪದವಿ ಬಂತು. ಪುಸ್ತಕವಾದಾಗ ಕ್ಯಾನನ್ ಮುನ್ನುಡಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು: ಈ ಲೇಖಕನ ವಾದಗಳಲ್ಲಿ ಹೆಚ್ಚಿನವನ್ನು ನಾನು ಒಪ್ಪುವುದಿಲ್ಲ, ಆದರೆ ತಪ್ಪು ಅನ್ನಿಸಿದಲ್ಲೂ ಅವನ ಯೋಚನೆಯಲ್ಲಿ ಹೊಸತನವಿದೆ, ಕೊನೆಗೆ ಅವನು ಹೇಳುವ ಪರಿಹಾರವೇ ಸರಿಯಿರಬಹುದು. ಅಂಬೇಡ್ಕರರು ಅದನ್ನು ಹಾಗೇ ಅಚ್ಚು ಹಾಕಿಸಿದರು. ತನ್ನ ವಾದಗಳನ್ನು ಕ್ಯಾನನ್ ಕಠಿಣವಾಗಿ ಪರೀಕ್ಷಿಸಿದ್ದಕ್ಕೆ ಉಪಕಾರವನ್ನೂ ನೆನೆದರು. ಒಪ್ಪದ ಶಿಷ್ಯನ ಪುಸ್ತಕಕ್ಕೆ ಮುನ್ನುಡಿ ಬರೆಯುವ ಗೈಡು ನಮ್ಮ ಕಡೆ ಎಷ್ಟು ಮಂದಿ ಇದ್ದಾರೆ, ನೀವೇ ಎಣಿಸಿ ನೋಡಿ.

ಹಾಗಂತ ಬಿಳಿಯರ ವಿಶ್ವವಿದ್ಯಾಲಯಗಳನ್ನು ಹೊಗಳೋಕೆ ನಾನು ಕೂತಿಲ್ಲ. ಅಮೆರಿಕದಲ್ಲಿ ಆಗ ಕರಿಯರ ಪಾಡು ಏನಿತ್ತು ಅಂತ ಗೊತ್ತೇ ಇದೆ. ಸೆಲಿಗ್‌ಮನ್ನರ ಕಾಗದ ಲಂಡನ್ನಿನಲ್ಲಿ ನಡೆಯಿತು, ಬರೋಡದಲ್ಲಿ ನಡೆಯಲಿಲ್ಲ. 1917ರಲ್ಲಿ ಕೆಲಸಕ್ಕೆಂದು ಅಲ್ಲಿಗೆ ಬಂದವರಿಗೆ ಇರೋಕೆ ಒಂದು ಕೋಣೆ ಸಿಗಲಿಲ್ಲ. ಹೆಸರು ಮರೆಸಿ ಪಾರ್ಸಿ ಛತ್ರದಲ್ಲಿದ್ದವರನ್ನು ದೊಣ್ಣೆ ಹಿಡಿದು ಬಂದವರು ಹೊರಹಾಕಿದರು. ಮುಂದೆ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ತಾವೇ ಪ್ರೊಫೆಸರಾದಾಗ ಜೊತೆಯ ಮೇಷ್ಟ್ರುಗಳು ನೀರಿನ ಮಡಕೆಗೆ ತಕರಾರು ತೆಗೆದರು. 1920ರಲ್ಲಿ ಓದು ಮುಗಿಸಲು ಮತ್ತೆ ಲಂಡನ್ನಿಗೆ ಹೋದದ್ದು ಉಳಿಸಿದ ಸಂಬಳ, ಶಾಹೂ ಮಹಾರಾಜರ ನೆರವು, ಗೆಳೆಯನೊಬ್ಬನ ಸಾಲದಿಂದ.

ಇದೆಲ್ಲ ಹಳೇ ಕತೆ ಅನ್ನುವಂತಿಲ್ಲ. 2007ರಲ್ಲಿ ದೆಹಲಿಯ ಏಮ್ಸ್ ಬಗ್ಗೆ ಥೋರಟ್ ಸಮಿತಿ ವರದಿ ಕೊಟ್ಟಿತು. ಅಧ್ಯಾಪಕರಿಂದ ತಕ್ಕ ನೆರವು ಸಿಗುತ್ತಿಲ್ಲವೆಂದು ದಲಿತ, ಆದಿವಾಸಿ ವಿದ್ಯಾರ್ಥಿಗಳು ಹೇಳಿದ್ದು ಅದರಲ್ಲಿ ದಾಖಲಾಗಿದೆ. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲನನ್ನು ಕಳೆದುಕೊಂಡಾಗ ಅವನ ಫೆಲೋಶಿಪ್ಪಿನ ಏಳು ತಿಂಗಳ ಹಣ ಬಾಕಿಯಿತ್ತು.

ನನ್ನ ಅಧ್ಯಾಯಗಳು ಈಗಲೂ ಟ್ರಂಕಿನಲ್ಲಿವೆ. ಮೊನ್ನೆ ತೆಗೆದು ಓದಿದೆ. ಎರಡನೇ ಅಧ್ಯಾಯದಲ್ಲಿ ಒಂದು ದೊಡ್ಡ ತಪ್ಪಿದೆ. ಅದರ ಪಕ್ಕದಲ್ಲಿ ಒಂದು ಪೆನ್ಸಿಲ್ ಗೀಟೂ ಇಲ್ಲ.