ಅರಮನೆಯ ಮೋಟಾರುಗಳ ಮರಗೆಲಸ

ವಲ್ಲಾರ್ಪಾಡಂ ಸುತ್ತಣ ಹಿನ್ನೀರಿನಲ್ಲಿ ಹಳೆಯ ದೋಣಿಯನ್ನು ಕೊಳ್ಳಬಂದ ಅನುಭವಿ ಅದರ ಬಣ್ಣಕ್ಕೆ ಮರುಳಾಗನು. ಹಲಗೆಗಳು ಕೂಡುವ ಸಂದುಗಳನ್ನು ಒತ್ತಿ ನೋಡುತ್ತಾನೆ. ದೇಶೀಯ ಸಂಸ್ಥಾನಗಳ ಅರಮನೆಗಳಿಂದ ಉಳಿದುಬಂದ ಹಳೆಯ ಮೋಟಾರುಗಳ ಪರೀಕ್ಷೆಗೂ ಇದೇ ನ್ಯಾಯ ಸಲ್ಲುತ್ತದೆ. ಹೊರಮೈ ತಗಡಿನದಾದರೂ ಅವುಗಳಲ್ಲಿ ಬಹುಪಾಲಿನ ಎಲುಬು ಮರದ್ದು.

ಎರಡನೆಯ ಮಹಾಯುದ್ಧಕ್ಕೆ ಮುಂಚೆ ರೋಲ್ಸ್‌ರಾಯ್ಸ್ ಕಂಪೆನಿಯು ಎಂಜಿನು ಸಹಿತವಾದ ಚಾಸಿಸ್ಸನ್ನು ಮಾತ್ರ ಸಿದ್ಧಪಡಿಸುತ್ತಿತ್ತು. ಬಾಡಿ ಕಟ್ಟುವ ಕೆಲಸ ಬೇರೆಯವರದು. ಲಂಡನ್ನಿನ ಬಾರ್ಕರ್, ಹೂಪರ್ ಮೊದಲಾದವರು ಕುದುರೆಯ ಸಾರೋಟಿನ ಕಾಲದಿಂದಲೂ ಈ ಕಸುಬಿನಲ್ಲಿದ್ದವರು. ಮದರಾಸಿನಲ್ಲಿ 1840ರಲ್ಲಿ ಸ್ಥಾಪಿತವಾದ ಸಿಂಪ್ಸನ್ ಕಂಪೆನಿಯ ಮೂಲವೂ ಗಾಡಿ ಕಟ್ಟುವುದೇ. ಆಂಗ್ಲ ಬಡಗಿಗಳಿಗೆ ಪ್ರಿಯವಾದುದು ಬಳುಕಿದರೂ ಮುರಿಯದ ಆಷ್ ಮರ. ಗೆದ್ದಲಿನ ಭಯವಿರುವ ಉಷ್ಣದೇಶಗಳಲ್ಲಿ ತೇಗಕ್ಕೆ ಮನ್ನಣೆ. ಈ ಚೌಕಟ್ಟಿನ ಮೇಲೆ ಕೈಯಿಂದ ತಟ್ಟಿ ಬಾಗಿಸಿದ ಅಲ್ಯೂಮಿನಿಯಂ ತಗಡನ್ನು ಹೊದಿಸಿ, ಅಂಚನ್ನು ಮಡಿಸಿ ಮೊಳೆ ಹೊಡೆಯುತ್ತಿದ್ದರು.

ಆದುದರಿಂದ ಚಾಸಿಸ್ಸಿನ ಸಂಖ್ಯೆ ಚಾಸಿಸ್ಸಿಗೆ ಮಾತ್ರ ಸಾಕ್ಷಿ, ಬಾಡಿಗೆ ಅಲ್ಲ. ಹೊಸ್ತಿಲ ಮೇಲಿನ ಹಿತ್ತಾಳೆಯ ಫಲಕವನ್ನು ನಂಬುವುದೂ ಕಷ್ಟ. ಅದನ್ನು ಬಿಚ್ಚಿ ಬೇರೊಂದಕ್ಕೆ ಜಡಿಯಲು ನಾಲ್ಕು ತಿರುಪುಗಳ ಕೆಲಸ ಸಾಕು. ನಿಜವಾದ ದಾಖಲೆ ಒಳಗಿದೆ. ಬಾಗಿಲನ್ನು ತೆರೆದೊಡನೆ ಅದು ಕೆಳಕ್ಕೆ ಜಗ್ಗಿದರೆ ಕೀಲಿನ ಕಂಬ ಕೊಳೆತಿದೆಯೆಂಬ ಶಂಕೆ ಹುಟ್ಟಬೇಕು. ಉಕ್ಕಿನ ತಿರುಪು ಅಲ್ಯೂಮಿನಿಯಂ ತಗಡನ್ನು ಮುಟ್ಟುವಲ್ಲಿ ಬಿಳಿಯ ಪುಡಿ ಕಂಡರೆ ಉಪ್ಪುಗಾಳಿ ತನ್ನ ಕೆಲಸವನ್ನು ಮಾಡಿದೆ. ಕೊಚ್ಚಿಯಂತಹ ಕಡಲತೀರದಲ್ಲಿ ಇದು ಬೇಗ ಹಬ್ಬುವ ರೋಗ. ಮೆತ್ತೆಯನ್ನು ಬಿಚ್ಚಿದಾಗ ತಗಡಿನ ಒಳಮೈಯಲ್ಲಿ ಸುತ್ತಿಗೆಯ ಗುರುತು, ಮರದ ಮೇಲೆ ಕಾರ್ಖಾನೆಯ ಕೆಲಸದ ಸಂಖ್ಯೆ ದೊರೆತರೆ ಅದಕ್ಕಿಂತ ಬಲವಾದ ಪ್ರಮಾಣ ಬೇಕಿಲ್ಲ. ಕೊಳೆತ ಕಂಬದ ಬುಡಕ್ಕೆ ಹೊಸ ಮರ ಬೆಸೆದುದು ಜೀರ್ಣೋದ್ಧಾರ. ಹಳೆಯ ಚಾಸಿಸ್ಸಿನ ಮೇಲೆ ಹೊಸ ಬಾಡಿಯನ್ನು ಕಟ್ಟಿ ಹಳೆಯದೆಂದು ಹೇಳುವುದು ಕೂಟಶಾಸನ.

ಮೈಸೂರು ಅರಮನೆಯು ರೋಲ್ಸ್‌ರಾಯ್ಸ್‌ಗಳನ್ನು ಏಳೇಳರಂತೆ ತರಿಸುತ್ತಿತ್ತೆಂಬ ಪ್ರತೀತಿ ಕನ್ನಡಿಗರಿಗೆ ಹೆಮ್ಮೆ ತರುವುದು ಸಹಜ. ಆದರೆ ಈ ಎಣಿಕೆ ಬೊಕ್ಕಸವನ್ನು ಹೇಳುತ್ತದೆಯೇ ಹೊರತು ಕಸುಬನ್ನಲ್ಲ. 1971ರಲ್ಲಿ ರಾಜಧನ ರದ್ದಾಯಿತು. ಸಂಸ್ಥಾನಗಳ ಗಾಡಿಗಳು ಅನೇಕರ ಕೈಗೆ ಚದುರಿದವು. ಯಾವ ಬಾಡಿಯನ್ನು ಯಾರು ಕಟ್ಟಿದರೆಂಬುದನ್ನು ಈಗ ಗಾಡಿಗಳಿಂದಲೇ ಓದಬೇಕಾಗಿದೆ.

ತಿರುವನಂತಪುರದಲ್ಲಿ ಇದಕ್ಕೆ ವಿರುದ್ಧವಾದ ನಿದರ್ಶನವೊಂದಿದೆ. ತಿರುವಾಂಕೂರು ರಾಜಮನೆತನದ ಉತ್ರಾಡಂ ತಿರುನಾಳ್ ಮಾರ್ತಾಂಡವರ್ಮರು (1922–2013) ದಶಕಗಳ ಕಾಲ ಬಳಸಿದುದು 1955ರ ಮರ್ಸಿಡಿಸ್ 180. ಅದರ ಸಂಖ್ಯೆ ಸಿಎಎನ್ 42, ಇಂದಿನ ಕರ್ನಾಟಕದ ಕಡೆಯ ನೋಂದಣಿ. 1953ರಲ್ಲಿ ಹೊರಬಂದ ಆ ಮಾದರಿಯಲ್ಲಿ ಬಾಡಿಗೂ ಚಾಸಿಸ್ಸಿಗೂ ಭೇದವಿಲ್ಲ. ಅಚ್ಚೊತ್ತಿದ ಉಕ್ಕನ್ನು ಒಂದಾಗಿ ಬೆಸೆದ ಮೈ. ಬಡಗಿಗೆ ಅಲ್ಲಿ ಕೆಲಸವೇ ಇಲ್ಲ. 1805ರಿಂದ ನಡೆದುಬಂದ ಹೂಪರ್ ಮನೆತನ ಬಾಡಿ ಕಟ್ಟುವುದನ್ನು ನಿಲ್ಲಿಸಿದುದು 1959ರಲ್ಲಿ.