ಮಲಪ್ರಭೆಯ ದಂಡೆಯ ಕೈಕೊಡಲಿಗಳು

ಬಾದಾಮಿ ಸೀಮೆಯ ಶಿವಯೋಗ ಮಂದಿರ ನಾಡಿಗೆಲ್ಲ ಗೊತ್ತಿರುವ ಹೆಸರು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ವಟುಗಳಿಗೆ ಶಿಕ್ಷಣ ನೀಡಲಾಗುತ್ತದೆ. ಸುತ್ತಮುತ್ತ ಬಾದಾಮಿ, ಮಹಾಕೂಟ, ಪಟ್ಟದಕಲ್ಲು. ಚಾಲುಕ್ಯರ ಗುಡಿಗಳನ್ನು ನೋಡಿ 'ಎಷ್ಟು ಪುರಾತನ!' ಎಂದು ಬೆರಗಾಗಿ ನಾವು ಮರಳುತ್ತೇವೆ. ಆದರೆ ಇದೇ ಹೊಳೆಯ ಕಣಿವೆಯಲ್ಲಿ, ಉರುಟುಗಲ್ಲು ಮತ್ತು ಜಲ್ಲಿಯ ಪದರಗಳಲ್ಲಿ, ಇನ್ನೊಂದು ಬಗೆಯ ಕಲ್ಲುಗಳಿವೆ. ಅವುಗಳ ಮುಂದೆ ಚಾಲುಕ್ಯರು ನಿನ್ನೆ ಮೊನ್ನೆಯವರು.

'ವಿಕಾಸ' ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಕೆಲವರು ಮುಖ ತಿರುಗಿಸುತ್ತಾರೆ, ಕೆಲವರು ವಾದಕ್ಕೆ ನಿಲ್ಲುತ್ತಾರೆ. ಡಾರ್ವಿನ್ ಎಂದರೆ ಕೋತಿ ಎಂಬಲ್ಲಿಗೆ ಚರ್ಚೆ ಮುಗಿದುಹೋಗುತ್ತದೆ. ಆದರೆ ಈ ವಿದ್ಯೆಗಾಗಿ ನಮ್ಮದೇ ನಾಡಿನಲ್ಲಿ ಬಿಸಿಲಲ್ಲಿ ನಡೆದವರು ಯಾರು, ಅವರು ಏನು ಮಾಡಿದರು ಎಂದು ಕೇಳುವವರು ಕಡಿಮೆ.

ವಿಕಾಸದ ಪ್ರಯೋಗಾಲಯ ಎಂದರೆ ಕರ್ನಾಟಕದಲ್ಲಿ ಮೊದಲು ನೆನಪಾಗುವುದು ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗ. ಅಲ್ಲಿ ಡ್ರೊಸೋಫಿಲ ಎಂಬ ಹಣ್ಣುನೊಣಗಳನ್ನು ಸೀಸೆಗಳಲ್ಲಿ ಸಾಕುತ್ತಾರೆ. ಎಂಟು ವರ್ಣತಂತುಗಳ ನಸೂಟ ಎಂಬ ನೊಣವನ್ನು ಅದರ ಹತ್ತಿರದ ಸಂಬಂಧಿ, ಆರು ವರ್ಣತಂತುಗಳ ಅಲ್ಬೊಮಿಕಾನ್ಸ್ ಜೊತೆ ಕೂಡಿಸಿ, ತಲೆಮಾರುಗಳ ಕಾಲ ಬೆಳೆಸಿ, ತಂದೆತಾಯಿ ಇಬ್ಬರನ್ನೂ ಹೋಲದ ವರ್ಣತಂತು ರಚನೆಯುಳ್ಳ ಹೊಸ ತಳಿಗಳು ಮೂಡಿದ್ದನ್ನು ಎನ್. ಬಿ. ರಾಮಚಂದ್ರ ಮತ್ತು ಎಚ್. ಎ. ರಂಗನಾಥ್ 1986ರಲ್ಲಿ ವರದಿ ಮಾಡಿದರು. ನೊಣಕ್ಕೆ ಒಂದು ತಲೆಮಾರು ಎಂದರೆ ಕೆಲವೇ ವಾರ. ಆದ್ದರಿಂದ ಬದಲಾವಣೆಯನ್ನು ಕಣ್ಣಾರೆ ಕಾಣಬಹುದು. ಮನುಷ್ಯನ ವಿಷಯದಲ್ಲಿ ಇದು ಸಾಧ್ಯವೇ? ಅವನ ಕಥೆಯನ್ನು ಅವನು ಬಿಟ್ಟುಹೋದ ವಸ್ತುಗಳಿಂದಲೇ ಓದಬೇಕು. ಹಾಗೆ ನೋಡಿದರೆ ಮಲಪ್ರಭೆಯ ಕಣಿವೆಯೂ ಒಂದು ಪ್ರಯೋಗಾಲಯವೇ. ಗೋಡೆ, ಬೀಗ ಇಲ್ಲ, ಅಷ್ಟೇ.

ಈ ಪ್ರಯೋಗಾಲಯದ ಬಾಗಿಲು ತೆರೆದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಭಾರತದ ಮೊದಲ ಹಳೆ ಶಿಲಾಯುಗದ ಉಪಕರಣವನ್ನು ಗುರುತಿಸಿದವರು ಅವರೇ. ಆಮೇಲೆ ಬೆಳಗಾವಿ, ಬಾದಾಮಿ ಕಡೆಯ ಭೂಸಮೀಕ್ಷೆಗೆ ಬಂದರು. ಗೋಕಾಕದ ಸಮೀಪ ಅವರಿಗೆ ಘೇಂಡಾಮೃಗದ ಪಳೆಯುಳಿಕೆ ಸಿಕ್ಕಿತು. 1874ರಲ್ಲಿ ಅದನ್ನು ವರ್ಣಿಸಿ 'ದಖ್ಖನ್'ನ ಹೆಸರನ್ನೇ ಇಟ್ಟರು. ಇಂದು ಕಬ್ಬು, ಜೋಳ ಬೆಳೆಯುವ ಸೀಮೆಯಲ್ಲಿ ಒಮ್ಮೆ ಘೇಂಡಾಮೃಗ ಮೇಯುತ್ತಿತ್ತು! ಈ ಭಾಗದ ಅವರ ದೊಡ್ಡ ಸಮೀಕ್ಷಾ ವರದಿ ಪ್ರಕಟವಾದದ್ದು 1876ರಲ್ಲಿ.

ಮುಂದೆ ಬಹುಕಾಲ ಈ ಕೆಲಸಕ್ಕೆ ವಾರಸುದಾರರಿರಲಿಲ್ಲ. 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಶೋಧನಾ ಸಂಸ್ಥೆ ಆರಂಭವಾಯಿತು, ಎಚ್. ಡಿ. ಸಾಂಕಳಿಯ ಅಲ್ಲಿ ಪ್ರಾಧ್ಯಾಪಕರಾದರು. ಅವರ ಪದ್ಧತಿ ಬಹಳ ಸರಳವಾಗಿತ್ತು. ವಿದ್ಯಾರ್ಥಿಗೆ ಒಂದು ನದಿಯನ್ನೋ ಒಂದು ಸೀಮೆಯನ್ನೋ ಒಪ್ಪಿಸುವುದು, ಅವನು ಅದನ್ನು ನಡೆದು ಬರುವುದು. ಪುಸ್ತಕ ಆಮೇಲೆ. ಆರ್. ವಿ. ಜೋಶಿಯವರ ಪಾಲಿಗೆ ಬಂದದ್ದು ಮಲಪ್ರಭೆ. ಖ್ಯಾಡ ಮುಂತಾದ ಹಳ್ಳಿಗಳ ದಂಡೆಯಲ್ಲಿ ಜಲ್ಲಿ ಯಾವ ಮಟ್ಟದಲ್ಲಿದೆ, ಅದರ ಮೇಲೆ ಹೂಳು ಎಷ್ಟಿದೆ, ಉಪಕರಣ ಯಾವ ಪದರದ್ದು ಎಂದು ಅಳೆದು ಬರೆದ ಅವರ ಗ್ರಂಥ 1955ರಲ್ಲಿ ಹೊರಬಂತು. ಆರ್. ಎಸ್. ಪಪ್ಪು ಘಟಪ್ರಭೆಯ ಕಡೆ ಹೊರಟರು. ಕೆ. ಪದ್ದಯ್ಯ ಸುರಪುರ ಸೀಮೆಗೆ ಹೋದರು. ಇದೇ ಬಳಗದ ಝಡ್. ಡಿ. ಅನ್ಸಾರಿಯವರ ಹೆಸರು ನಮ್ಮ ಓದುಗರಲ್ಲಿ ಹೆಚ್ಚಿನವರು ಕೇಳಿರಲಾರರು. ಎಂ. ಎಸ್. ನಾಗರಾಜರಾಯರ ಜೊತೆ ಅವರು 1964-65ರಲ್ಲಿ ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ನಡೆಸಿದ ಉತ್ಖನನದ ವರದಿಯನ್ನು ಇಂದಿಗೂ ವಿದ್ವಾಂಸರು ತೆರೆದು ನೋಡುತ್ತಾರೆ. ಅನ್ಸಾರಿ, ನಾಗರಾಜರಾವ್ ಎಂಬ ಎರಡು ಹೆಸರು ಒಂದೇ ಮುಖಪುಟದಲ್ಲಿರುವುದು ಆ ಕಾಲದಲ್ಲಿ ಯಾರಿಗೂ ಸುದ್ದಿಯಾಗಿರಲಿಲ್ಲ.

ಒಂದು ಕೈಕೊಡಲಿಯಲ್ಲಿ ಓದಲು ಏನಿದೆ? ಕ್ವಾರ್ಟ್ಜೈಟ್ ಎಂಬ ಗಟ್ಟಿ ಕಲ್ಲಿನ ಎರಡೂ ಮುಖಗಳಿಂದ ಚಕ್ಕೆಗಳನ್ನು ಎಬ್ಬಿಸಿ, ಕಣ್ಣೀರ ಹನಿಯ ಆಕಾರಕ್ಕೆ ತಂದಿರುತ್ತಾರೆ. ಮೊದಲ ಪೆಟ್ಟು ಹಾಕುವ ಮುನ್ನವೇ ಕೊನೆಯ ರೂಪ ಮನಸ್ಸಿನಲ್ಲಿರಬೇಕು. ಅಂಚು ಸವೆದಿದ್ದರೆ ಹೊಳೆ ಅದನ್ನು ಉರುಳಿಸಿ ತಂದಿದೆ, ಹರಿತವಾಗಿದ್ದರೆ ಮಾಡಿದವನು ಅಲ್ಲೇ ಹತ್ತಿರ ಕುಳಿತಿದ್ದ. ಆಫ್ರಿಕದಲ್ಲೂ ಫ್ರಾನ್ಸಿನಲ್ಲೂ ಇದೇ ಬಗೆಯ ಕೊಡಲಿಗಳು ಸಿಗುತ್ತವೆ. ಫ್ರಾನ್ಸಿನ ಸೇಂಟ್ ಅಶೂಲ್‌ನಿಂದ ಇವಕ್ಕೆ ಅಶೂಲಿಯನ್ ಎಂಬ ಹೆಸರು ಬಂದಿದೆ. ನಂತರದ ಕಾಲದಲ್ಲಿ ದೊಡ್ಡ ಕೊಡಲಿ ಹಿಂದೆ ಸರಿದು ಚಿಕ್ಕ ಚಕ್ಕೆಯ ಉಪಕರಣಗಳು ಮುಂದೆ ಬಂದವು. ಮಲಪ್ರಭೆಯ ಕಣಿವೆಯ ಲಖಮಾಪುರದಲ್ಲಿ ಈ ಬದಲಾವಣೆಯನ್ನೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಮೈಕೆಲ್ ಪೆಟ್ರಾಗ್ಲಿಯ ಮತ್ತು ಸಂಗಡಿಗರು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು.

ಎಷ್ಟು ಹಳೆಯದು ಎಂದು ಊಹಿಸಲು ನೆರೆಯ ಯಾದಗಿರಿ ಜಿಲ್ಲೆಯ ಇಸಾಂಪುರ ನೆರವಾಗುತ್ತದೆ. ಪದ್ದಯ್ಯನವರ ತಂಡ ಅಲ್ಲಿ ಕೊಡಲಿ ಮಾಡುವ ತಾಣವನ್ನೇ ಅಗೆದು ತೆಗೆಯಿತು. ಸಿಕ್ಕ ಪ್ರಾಣಿಹಲ್ಲುಗಳ ಪರೀಕ್ಷೆಯಿಂದ ಸುಮಾರು 12 ಲಕ್ಷ ವರ್ಷ ಎಂಬ ಅಂದಾಜು 2002ರಲ್ಲಿ ಬಂತು. ಅಂದಾಜೇ ಹೊರತು ಕೊನೆಯ ಮಾತಲ್ಲ ಎಂದು ಸಂಶೋಧಕರೇ ಹೇಳಿದ್ದಾರೆ. ಈ ಎಚ್ಚರ ನಮಗೆ ಹಿಡಿಸಿತು. ಸಾವಿರ ವರ್ಷದ ಇತಿಹಾಸಕ್ಕೇ ಖಚಿತ ತೀರ್ಪು ಕೊಟ್ಟು ಬೀದಿಗಿಳಿಯುವವರ ನಡುವೆ ನಾವಿದ್ದೇವೆ!

ಆದರೆ ಬೀಗವಿಲ್ಲದ ಪ್ರಯೋಗಾಲಯಕ್ಕೆ ಅದರದೇ ಅಪಾಯವಿದೆ. ಕೈಕೊಡಲಿಗೆ ಬೆಲೆ ಬರುವುದು ಅದು ಬಿದ್ದಿರುವ ಜಾಗದಿಂದ. ನೇಗಿಲು, ಟ್ರ್ಯಾಕ್ಟರು, ಕಲ್ಲುಗಣಿ, ಮರಳಿನ ಲಾರಿ, ಇವು ಯಾವುದೂ ಪದರವನ್ನು ಕೇಳಿ ಕೆಲಸ ಮಾಡುವುದಿಲ್ಲ. ಪ್ರವಾಸಿಯೊಬ್ಬ ಚೆಂದದ ಕಲ್ಲೆಂದು ಜೇಬಿಗೆ ಹಾಕಿಕೊಂಡರೂ ಅರ್ಧ ಸಾಕ್ಷ್ಯ ಹೋಯಿತು. ಗುಡಿಗೆ ಕಾವಲುಗಾರನಿದ್ದಾನೆ, ಜಲ್ಲಿಗೆ ಯಾರಿದ್ದಾರೆ?

ಇನ್ನೂ ಒಂದು ಕೊರತೆಯಿದೆ. ಮಲಪ್ರಭೆಯಲ್ಲಿ ಕೊಡಲಿಗಳು ಸಿಕ್ಕಿವೆ, ಮಾಡಿದವನ ಮೂಳೆ ಸಿಕ್ಕಿಲ್ಲ. ಆ ಕಾಲದ ಮಾನವನ ತಲೆಬುರುಡೆ ಎಂದು ಭಾರತದಲ್ಲಿ ಹೇಳಿಕೊಳ್ಳಲು ಇರುವುದು 1982ರಲ್ಲಿ ಅರುಣ್ ಸೋನಾಕಿಯ ಅವರಿಗೆ ನರ್ಮದೆಯ ದಂಡೆಯ ಹಥ್ನೋರಾದಲ್ಲಿ ಸಿಕ್ಕ ಭಾಗವೊಂದೇ. ಅದೂ ಸಿಕ್ಕಿದ್ದು ಹೊಳೆಯ ಜಲ್ಲಿಯಲ್ಲೇ.